ಹಳೆಯ ಹೆಂಚಿನ ಮನೆಗೆ ಹೊಸ ಕೋಣೆ

ಉಡುಪಿಯಿಂದ ಒಳನಾಡಿನ ರಸ್ತೆ ಹಿಡಿದು ಹೊರಟರೂ ಸರಿ, ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋದರೂ ಸರಿ, ಒಂದು ನೋಟ ಮತ್ತೆ ಮತ್ತೆ ಎದುರಾಗುತ್ತದೆ. ಇಳಿಜಾರು ಹೆಂಚಿನ ಮಾಡು, ಉದ್ದನೆಯ ಜಗಲಿ, ಮರದ ಕಂಬಗಳ ಹಳೆಯ ಮನೆ. ಅದರ ಮಗ್ಗುಲಿಗೇ ಚಪ್ಪಟೆ ತಾರಸಿಯ, ಅಗಲವಾದ ಅಲ್ಯೂಮಿನಿಯಂ ಕಿಟಕಿಯ, ಕಣ್ಣು ಕುಕ್ಕುವ ಬಣ್ಣದ ಒಂದು ಹೊಸ ಕೋಣೆ. ಎರಡೂ ಸೇರುವ ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಪಾಚಿಯ ಕಪ್ಪು ಗೆರೆ. ಒಳಗೆ ಹೋಗಿ ನೋಡಿದರೆ ಅದೇ ಜಾಗದಲ್ಲಿ ಗಾರೆ ಉಬ್ಬಿರುತ್ತದೆ; ಆಷಾಢದಲ್ಲಿ ಅಲ್ಲೊಂದು ಬಕೆಟ್ಟೂ ಇರುತ್ತದೆ.

ಹೀಗೆ ಕಟ್ಟಿಸಿದವರ ಅಗತ್ಯ ನಿಜವಾದದ್ದೇ. ವಯಸ್ಸಾದವರಿಗೆ ರಾತ್ರಿ ಅಂಗಳ ದಾಟಿ ಬಚ್ಚಲಿಗೆ ಹೋಗಲಾಗದು. ಮಗನಿಗೆ ಮದುವೆಯಾಯಿತು, ಒಂದು ಕೋಣೆ ಬೇಕು. ಬೆಂಗಳೂರಿನಿಂದ ಮರಳಿದ ಮಗಳಿಗೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಲು ಬೆಳಕಿರುವ, ಸದ್ದಿಲ್ಲದ ಜಾಗ ಬೇಕು. ಇಡೀ ಮನೆ ಕೆಡವಿ ಹೊಸದು ಕಟ್ಟುವುದಕ್ಕಿಂತ ಒಂದು ಭಾಗ ಸೇರಿಸುವುದು ಎಷ್ಟೋ ವಿವೇಕದ ನಿರ್ಧಾರ. ಎಡವಟ್ಟಾಗುವುದು ಮುಂದಿನ ಹೆಜ್ಜೆಯಲ್ಲಿ. ಹಳೆಯ ಮನೆ ಯಾವ ವಸ್ತುವಿನಿಂದ ಆಗಿದೆ, ಆ ವಸ್ತು ಮಳೆ ಬಿಸಿಲುಗಳಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳದೆ ಸಿಮೆಂಟು, ಕಬ್ಬಿಣ, ಜಲ್ಲಿ ತರಿಸಿಬಿಡುತ್ತಾರೆ. ಹಳೆಯದಕ್ಕೆ ಹೊಂದುವ ಹೊಸ ಭಾಗವೆಂದರೆ ನೋಡಲು ಅದರಂತೆಯೇ ಇರುವುದು ಎಂದು ಅನೇಕರು ತಿಳಿದಿದ್ದಾರೆ. ಹೋಲಿಕೆಗಿಂತ ಮೊದಲು ಬೇಕಾದದ್ದು ನಡವಳಿಕೆಯ ಹೊಂದಾಣಿಕೆ. ಗೋಡೆ ನೀರು ಕುಡಿದು ಬಿಡುವ ರೀತಿ, ಮಾಡು ನೀರು ಇಳಿಸುವ ರೀತಿ, ಬಿಸಿಲಿಗೆ ಒಂದೊಂದು ವಸ್ತುವೂ ಹಿಗ್ಗುವ ರೀತಿ ಇವು ಹೊಂದಿದರೆ ಅಂದದ ಅರ್ಧ ಭಾಗ ತಾನಾಗಿಯೇ ಬರುತ್ತದೆ.

ಗೋಡೆಯಿಂದಲೇ ಶುರುಮಾಡಬೇಕು. ಕರಾವಳಿಯ ಹಳೆಯ ಮನೆಗಳ ಗೋಡೆ ಕೆಂಪು ಮುರಕಲ್ಲಿನದು. ಉತ್ತರ ಕನ್ನಡದವರು ಚೀರೆಕಲ್ಲು ಎನ್ನುತ್ತಾರೆ. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಪ್ರವಾಸ ವೃತ್ತಾಂತ ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿನ ಗುಣವನ್ನು ಸರಿಯಾಗಿ ಗುರುತಿಸಿದ್ದ. ನೆಲದಿಂದ ತೆಗೆಯುವಾಗ ಕಬ್ಬಿಣದ ಸಲಕರಣೆಯಿಂದ ಸಲೀಸಾಗಿ ಕೊಯ್ಯುವಷ್ಟು ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಇಟ್ಟಿಗೆಯಂತೆ ಗಡುಸಾಗುತ್ತದೆ. ಗಡುಸಾದರೂ ಅದರ ಮೈತುಂಬ ರಂಧ್ರಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ನೀರು ಕುಡಿಯುತ್ತದೆ, ಅಕ್ಟೋಬರ್ ಬಿಸಿಲಿಗೆ ನಿಧಾನವಾಗಿ ಆರುತ್ತದೆ. ಅದಕ್ಕೆ ಬಳಿದ ಸುಣ್ಣದ ಗಾರೆಯೂ ಹಾಗೆಯೇ ತೇವವನ್ನು ಹೊರಬಿಡುವಂಥದ್ದು. ಕಡಲತೀರದಲ್ಲಿ ಆ ಸುಣ್ಣ ಚಿಪ್ಪು ಸುಟ್ಟು ಮಾಡಿದ್ದು. ಮಲೆನಾಡಿನ, ಬಯಲುಸೀಮೆಯ ಮಣ್ಣಿನ ಗೋಡೆಗಳಿಗೂ ಇದೇ ನಿಯಮ.

ಇಂಥ ಗೋಡೆಗೆ ಸಿಮೆಂಟು ಗಾರೆ ಬಳಿದರೆ ಏನಾಗುತ್ತದೆ? ಸಿಮೆಂಟು ದಟ್ಟ, ಬಿಗಿ. ಅದರಲ್ಲಿ ಕಣ್ಣಿಗೆ ಕಾಣದ ಕೂದಲೆಳೆ ಬಿರುಕುಗಳು ಬರುವುದು ತಪ್ಪದು. ಅವುಗಳಿಂದ ನೀರು ಒಳಗೆ ಹೋಗುತ್ತದೆ. ಹೋದ ನೀರಿಗೆ ಹೊರಬರಲು ದಾರಿಯಿಲ್ಲ. ನೆಲದಿಂದ ಏರಿದ ತೇವವೂ ಒಳಗೇ ಸಿಕ್ಕಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಲವಣ ಗಾರೆಯ ಹಿಂದೆ ಹರಳುಗಟ್ಟಿ ಅದನ್ನು ದೂಡುತ್ತದೆ. ನಾಲ್ಕಾರು ವರ್ಷದಲ್ಲಿ ಗಾರೆ ಹಾಳೆ ಹಾಳೆಯಾಗಿ ಕಳಚುತ್ತದೆ. ಕಳಚುವಾಗ ಮೆತ್ತಗಾದ ಮುರಕಲ್ಲಿನ ಒಂದು ಪದರವನ್ನೂ ಎಳೆದುಕೊಂಡೇ ಬರುತ್ತದೆ. ಹೊರಗೋಡೆಗೆ ‘ವಾಟರ್‌ಪ್ರೂಫ್’ ಎಂದು ಮಾರುವ ಪ್ಲಾಸ್ಟಿಕ್ ಗುಣದ ಬಣ್ಣಗಳೂ ಹಳೆಯ ಗೋಡೆಗೆ ಮಾಡುವುದು ಇದನ್ನೇ. ಹೊಸ ಕೋಣೆ ಕಟ್ಟಿದ ಹುರುಪಿನಲ್ಲಿ ‘ಎರಡೂ ಒಂದೇ ಥರ ಕಾಣಲಿ’ ಎಂದು ಹಳೆಯ ಗೋಡೆಗೂ ಸಿಮೆಂಟು ಬಳಿಸುವವರು ತಮ್ಮ ಮನೆಗೆ ಮಾಡುವ ಅತಿ ದೊಡ್ಡ ಹಾನಿ ಇದು. ಹಳೆಯ ಗೋಡೆ ಹಾಗೆಯೇ ಇರಲಿ. ಅದಕ್ಕೆ ದುರಸ್ತಿ ಬೇಕಿದ್ದರೆ ಸುಣ್ಣದಲ್ಲೇ ಆಗಲಿ.

ಸುಣ್ಣದ ಕೆಲಸ ಮರೆತುಹೋದ ವಿದ್ಯೆಯೇನಲ್ಲ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಕೆಲವು ವಾರ ಕೊಳೆಹಾಕಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲಿನಂತೆ ಮರಳು ಬೆರೆಸಿ ಅರೆಯುವುದು ಸಾಮಾನ್ಯ ಕ್ರಮ. ತೇವ ಹೆಚ್ಚಿರುವ ಜಾಗಕ್ಕೆ ಮರಳಿನ ಒಂದು ಭಾಗದ ಬದಲು ಇಟ್ಟಿಗೆ ಪುಡಿ, ಅಂದರೆ ಸುರ್ಕಿ, ಸೇರಿಸಿದರೆ ಗಾರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಹಳೆಯ ಮೇಸ್ತ್ರಿಗಳು ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುತ್ತಿದ್ದರು. ಗೋಡೆಗೆ ಹತ್ತಿದ ಮೇಲೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಆ ನಿಧಾನಕ್ಕೆ ಅವಸರಪಡದ ಮೇಸ್ತ್ರಿ ಬೇಕು; ಒಂದೊಂದು ಪದರವೂ ಅರ್ಧ ಇಂಚಿಗಿಂತ ದಪ್ಪವಾಗಬಾರದು, ಒಂದು ಬಿಗಿಯಾದ ಮೇಲೆ ಇನ್ನೊಂದು. ಉರಿಬಿಸಿಲಿನಲ್ಲಿ ಗೋಣಿಚೀಲ ಒದ್ದೆ ಮಾಡಿ ಹೊದಿಸಬೇಕು. ಸುಣ್ಣ ಅರಳಿಸುವಾಗ ಅದು ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಕೆಲಸದವರಿಗೆ ಕನ್ನಡಕ, ಕೈಗವಸು ಕೊಡದೆ ಈ ಕೆಲಸ ಮಾಡಿಸಬಾರದು.

ಹಾಗಾದರೆ ಹೊಸ ಕೋಣೆಯ ಗೋಡೆ ಯಾವುದರದ್ದು? ಮುರಕಲ್ಲಿನ ಮನೆಗೆ ಮುರಕಲ್ಲೇ ಮೊದಲ ಆಯ್ಕೆ. ಕರಾವಳಿಯಲ್ಲಿ ಅದು ಈಗಲೂ ಸಿಗುತ್ತದೆ. ಆದರೆ ಹಳೆಯದು ಕೈಯಲ್ಲಿ ಕೆತ್ತಿದ ಕಲ್ಲು, ಅಂಚು ಒರಟು, ಅಳತೆ ಒಂದೊಂದು ಒಂದೊಂದು ಥರ. ಇಂದಿನದು ಯಂತ್ರದಲ್ಲಿ ಕೊಯ್ದ, ನೇರ ಅಂಚಿನ ಕಲ್ಲು. ಗಾರೆಯಿಲ್ಲದೆ ಕಲ್ಲನ್ನೇ ಕಾಣಿಸುವುದಾದರೆ ಸಂದಿಗಳನ್ನು ಸ್ವಲ್ಪ ಒಳಕ್ಕೆ ತಳ್ಳಿ, ಸುಣ್ಣದ ಗಾರೆಯಲ್ಲಿ ತುಂಬಬೇಕು. ಕಲ್ಲಿನ ಮೇಲೆ ಉಬ್ಬಿಕೊಂಡು ಕಾಣುವ ಸಿಮೆಂಟಿನ ಬಿಳಿ ಪಟ್ಟಿ ಇಡೀ ಗೋಡೆಗೆ ಬಲೆ ಹೊದಿಸಿದಂತೆ ಕಾಣುತ್ತದೆ. ಹೊಳಪಿಗೆಂದು ಮುರಕಲ್ಲಿಗೆ ವಾರ್ನಿಶ್ ಹೊಡೆಯುವುದಂತೂ ಬೇಡವೇ ಬೇಡ; ಕಲ್ಲಿನ ರಂಧ್ರ ಮುಚ್ಚುವುದಲ್ಲದೆ ಮೂರನೇ ಮಳೆಗಾಲಕ್ಕೆ ಅದು ಮಾಸಿ, ಸುಲಿದು ನಿಲ್ಲುತ್ತದೆ.

ಮಣ್ಣಿನ ಗೋಡೆಯ ಮನೆಗಳಿಗೆ ಇನ್ನೊಂದು ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಒತ್ತುಮಣ್ಣಿನ ಇಟ್ಟಿಗೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಮರಳು ಹೆಚ್ಚಿರುವ ಮಣ್ಣಿಗೆ ಶೇಕಡಾ 7ರ ಆಸುಪಾಸು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಹದಗೊಳಿಸಿದ ಇಟ್ಟಿಗೆ ಅದು. ಅದೇ ಹಿತ್ತಲ ಮಣ್ಣು ಬಳಸಿದರೆ ಹೊಸ ಗೋಡೆಯ ಬಣ್ಣ ಹಳೆಯ ಗೋಡೆಗೆ ನೆಂಟನಾಗುತ್ತದೆ. ಯಾವ ಬಣ್ಣದ ಡಬ್ಬಿಯೂ ಕೊಡದ ಹೊಂದಾಣಿಕೆ ಇದು. ಮಣ್ಣಿನ ಪರೀಕ್ಷೆ ಮಾತ್ರ ತಪ್ಪಿಸಬಾರದು. ಜೇಡಿ ಹೆಚ್ಚಿದ್ದರೆ ಇಟ್ಟಿಗೆ ಬಿರಿಯುತ್ತದೆ.

ಇನ್ನು ಮಾಡು. ಹೊಸ ಭಾಗದ ಹಣೆಬರಹವೆಲ್ಲ ಇರುವುದು ಇಲ್ಲೇ.

ಹಳೆಯ ಮಾಡನ್ನೇ ಮುಂದಕ್ಕೆ ಚಾಚಿ ಹೊಸ ಕೋಣೆ ಮುಚ್ಚಿಬಿಡೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಲೆಕ್ಕ ಹಾಕಿದರೆ ಅದು ಕೂಡಿಬರುವುದಿಲ್ಲ. ಮಂಗಳೂರು ಹೆಂಚಿಗೆ ಎರಡು ಅಡಿ ಮುಂದೆ ಹೋದರೆ ಒಂದು ಅಡಿಯಾದರೂ ಇಳಿಜಾರು ಬೇಕೆಂಬುದು ಬಡಗಿಗಳ ಸಾಮಾನ್ಯ ಲೆಕ್ಕ. ಭಾರಿ ಮಳೆಯ ಸೀಮೆಯಲ್ಲಿ ಅದಕ್ಕಿಂತ ಕಡಿದಾಗಿದ್ದರೇ ಒಳ್ಳೆಯದು. ಹಳೆಯ ಮನೆಯ ಸೂರು ನೆಲದಿಂದ 8 ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಮಾಡನ್ನು 10 ಅಡಿ ಮುಂದೆ ತಂದರೆ ಸೂರು 5 ಅಡಿ ಇಳಿದು ನೆಲದಿಂದ ಮೂರೇ ಅಡಿಗೆ ಬರುತ್ತದೆ. ಯಾರೂ ಒಳಗೆ ಹೋಗಲಾರರು. ಆಗ ಮೇಸ್ತ್ರಿ ಮಾಡುವುದೇನು? ಹೊಸ ಭಾಗದ ಇಳಿಜಾರನ್ನು ಕಡಿಮೆ ಮಾಡುತ್ತಾನೆ. ಚಪ್ಪಟೆಯಾದ ಮಾಡಿನಲ್ಲಿ ನೀರು ನಿಧಾನವಾಗುತ್ತದೆ, ಗಾಳಿ ಬೀಸಿದಾಗ ಹೆಂಚಿನ ಅಡಿಗೆ ಹಿಮ್ಮೆಟ್ಟಿ ನುಗ್ಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ನೀರಿನ ಮುಂದೆ ಇಂಥ ಮಾಡು ನಿಲ್ಲದು.

ಸರಿಯಾದ ಕ್ರಮವೆಂದರೆ ಹೊಸ ಭಾಗಕ್ಕೆ ತನ್ನದೇ ಮಾಡು, ತನ್ನದೇ ಕೋಡು, ಹಳೆಯದರದ್ದೇ ಇಳಿಜಾರು. ಹೊಸ ಕೋಡು ಹಳೆಯ ಕೋಡಿಗಿಂತ ಸ್ವಲ್ಪವಾದರೂ ತಗ್ಗಿರಲಿ; ಹೊಸ ಗೋಡೆ ಹಳೆಯ ಗೋಡೆಯ ಸಾಲಿಗಿಂತ ಒಂದೆರಡು ಅಡಿ ಹಿಂದೆ ನಿಲ್ಲಲಿ. ಇಷ್ಟು ಮಾಡಿದರೆ ಮನೆಯ ಮುಖ ಹಳೆಯದಾಗಿಯೇ ಉಳಿಯುತ್ತದೆ, ಹೊಸದು ಅದರ ಹಿಂದೆ ನಿಂತ ಕಿರಿಯರಂತೆ ಕಾಣುತ್ತದೆ. ಅಂದದ ಜೊತೆಗೆ ಒಂದು ಪ್ರಯೋಜನವೂ ಇದೆ: ಎರಡು ಗೋಡೆಗಳನ್ನು ಒಂದೇ ಗೆರೆಯಲ್ಲಿ ಸೇರಿಸಲು ಹೋದರೆ ಕೂದಲೆಳೆಯ ವ್ಯತ್ಯಾಸವೂ ಎದ್ದು ಕಾಣುತ್ತದೆ. ಹಿಂದೆ ಸರಿದರೆ ಆ ತಿರುವಿನ ನೆರಳಲ್ಲಿ ಎಲ್ಲ ಮುಚ್ಚಿಹೋಗುತ್ತದೆ.

ಎರಡು ಮಾಡುಗಳು ಎಲ್ಲಿ ಕೂಡುತ್ತವೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡದೆ ಒಂದು ಪಕಾಸನ್ನೂ ಏರಿಸಬಾರದು. ಇಳಿಜಾರು ಇಳಿಜಾರನ್ನು ಸೇರುವ ತಗ್ಗಿನಲ್ಲಿ ಎರಡೂ ಕಡೆಯ ನೀರು ಬಂದು ಬೀಳುತ್ತದೆ. ಅಲ್ಲಿ ಅಗಲವಾದ ಲೋಹದ ದಂಬೆ ಬೇಕು. ಅದರ ಅಂಚು ಎರಡೂ ಬದಿ ಹೆಂಚಿನ ಅಡಿಗೆ ಅರ್ಧ ಅಡಿಯಾದರೂ ಒಳಹೋಗಿರಬೇಕು, ಎಲೆ ಕಸ ತೆಗೆಯಲು ಕೈಗೆ ಎಟುಕುವಂತಿರಬೇಕು. ತಗ್ಗೇ ಬೇಡವೆನ್ನುವವರಿಗೆ ಇದಕ್ಕಿಂತ ಉತ್ತಮ ಉಪಾಯವಿದೆ. ಹಳೆಯ ಮನೆಗೂ ಹೊಸ ಕೋಣೆಗೂ ನಡುವೆ ನಾಲ್ಕೈದು ಅಡಿ ಅಗಲದ ಒಂದು ಓಣಿ ಬಿಟ್ಟು, ಅದನ್ನು ಹಳೆಯ ಸೂರಿನ ಅಡಿಯಲ್ಲೇ ಹಗುರವಾಗಿ ಮುಚ್ಚುವುದು. ಎರಡೂ ಮಾಡುಗಳ ನೀರು ತಂತಮ್ಮ ದಾರಿ ಹಿಡಿಯುತ್ತದೆ. ಹಳೆಯ ಕೋಣೆಗಳ ಕಿಟಕಿ ಮುಚ್ಚಿಹೋಗುವುದಿಲ್ಲ. ಓಣಿಯ ಒಂದು ಬದಿಗೆ ಗಾಜು ಕೂರಿಸಿದರೆ ಹಳೆಯ ಗೋಡೆಯ ಹೊರಮೈ ಮನೆಯೊಳಗಿಂದಲೇ ಕಾಣುತ್ತದೆ. ಹೊಸ ಭಾಗ ಸೇರಿಸುವ ಉಪಾಯಗಳಲ್ಲೆಲ್ಲ ಹಳೆಯ ಮನೆಗೆ ಅತಿ ಕಡಿಮೆ ಪೆಟ್ಟು ಕೊಡುವುದು ಇದೇ.

ಹೆಂಚಿನ ಆಯ್ಕೆಯಲ್ಲೂ ಒಂದು ಸೂಕ್ಷ್ಮವಿದೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಕಾರ್ಖಾನೆಯಿಂದ ಈ ಹೆಂಚಿನ ಕಥೆ ಆರಂಭ. ಆಮೇಲೆ ಅದೇ ಮಾದರಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು, ಒಂದೊಂದರ ಅಚ್ಚೂ ಬೇರೆ. ಭಾರತೀಯ ಮಾನಕದಲ್ಲೇ ಮಂಗಳೂರು ಹೆಂಚಿಗೆ 410×235, 420×250, 425×260 ಮಿಲಿಮೀಟರ್ ಎಂದು ಮೂರು ಅಳತೆಗಳಿವೆ. ಒಂದು ಅಚ್ಚಿನ ತೋಡಿಗೆ ಇನ್ನೊಂದರ ಏಣು ಕೂರುವುದಿಲ್ಲ. ಕೂರಿಸಿದಂತೆ ಕಂಡರೂ ಗಾಳಿಮಳೆಗೆ ಸೋರುತ್ತದೆ. ಹಾಗಾಗಿ ಒಂದೇ ಇಳಿಜಾರಿನಲ್ಲಿ ಎರಡು ಬಗೆಯ ಹೆಂಚು ಬೆರೆಸಬಾರದು. ರೀಪು ಹೊಡೆಯುವ ಮುನ್ನ ಹತ್ತಾರು ಹೆಂಚು ನೆಲದ ಮೇಲೆ ಜೋಡಿಸಿ ಅಂತರ ಅಳೆಯಬೇಕು. ಹಳೆಯ ಮಾಡಿನಿಂದ ಇಳಿಸಿದ, ಬಡಿದರೆ ಠಣ್ಣೆನ್ನುವ ಒಳ್ಳೆಯ ಹೆಂಚುಗಳನ್ನು ರಸ್ತೆಗೆ ಕಾಣುವ ಇಳಿಜಾರಿಗೆ ಹೊದಿಸಿ, ಹೊಸ ಹೆಂಚನ್ನು ಹಿತ್ತಲ ಬದಿಗೆ ಹಾಕುವುದು ಜಾಣತನ. ಹೊಸ ಹೆಂಚಿನ ಕಡುಕೆಂಪು ಕೆಲವು ಮಳೆಗಾಲಗಳಲ್ಲಿ ತಾನಾಗಿ ಮಾಗುತ್ತದೆ. ಅದಕ್ಕೆ ಬಣ್ಣ ಬಳಿದರೆ ಎಂದಿಗೂ ಮಾಗದು.

ಹೆಂಚು ಬೇಡವೆನ್ನುವವರ ಮಾತಲ್ಲೂ ಸತ್ಯವಿದೆ. ಮಲೆನಾಡಿನಲ್ಲಿ ಮಂಗಗಳ ಕಾಟ. ಮಳೆಗೆ ಮುಂಚೆ ಮಾಡು ಹತ್ತಿ ಹೆಂಚು ಸರಿಪಡಿಸುವವರು ಸಿಗುವುದಿಲ್ಲ. ಹೀಗಾಗಿ ಜನ ಇಳಿಜಾರು ಕಾಂಕ್ರೀಟು ಹಾಕಿ ಮೇಲೆ ಹೆಂಚು ಅಂಟಿಸುತ್ತಿದ್ದಾರೆ. ಅದನ್ನೇ ಮಾಡುವುದಿದ್ದರೆ ಹೆಂಚನ್ನು ಸಿಮೆಂಟಿನಲ್ಲಿ ಹೂಳಬೇಡಿ. ಕಾಂಕ್ರೀಟಿನ ಮೇಲೆ ಮೊದಲು ಇಳಿಜಾರಿನುದ್ದಕ್ಕೆ ಪಟ್ಟಿ, ಅದರ ಮೇಲೆ ಅಡ್ಡ ರೀಪು, ಆಮೇಲೆ ಹೆಂಚು. ನಡುವೆ ಗಾಳಿಯಾಡಿದರೆ ಕಾಂಕ್ರೀಟು ಕಾಯುವುದಿಲ್ಲ, ಇಳಿದ ನೀರೂ ನಿಲ್ಲುವುದಿಲ್ಲ, ಒಡೆದ ಹೆಂಚನ್ನು ಬದಲಿಸಲೂ ಬರುತ್ತದೆ. ಹೆಂಚಿನ ಆಕಾರ ಒತ್ತಿದ ಬಣ್ಣದ ತಗಡಿನ ಶೀಟುಗಳು ಅಡಕೆ ಒಣಗಿಸುವ ಚಪ್ಪರಕ್ಕೆ, ಕೊಟ್ಟಿಗೆಗೆ ಸರಿ. ಮನುಷ್ಯರು ಮಲಗುವ ಕೋಣೆಯ ಮೇಲೆ ಹಗಲಿಗೆ ಸೆಕೆ, ಮಳೆಯಲ್ಲಿ ಪಕ್ಕದವರ ಮಾತೂ ಕೇಳದಷ್ಟು ಸದ್ದು.

ಹೊಸ ಭಾಗ ಚಪ್ಪಟೆ ತಾರಸಿಯದೇ ಆಗಬೇಕಿದ್ದರೆ ಇನ್ನೊಂದು ಲೆಕ್ಕ ನೆನಪಿರಲಿ. ಕಾಂಕ್ರೀಟು ಒಂದು ಡಿಗ್ರಿ ಶಾಖಕ್ಕೆ ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. 10 ಮೀಟರ್ ಉದ್ದದ ತಾರಸಿಗೆ ರಾತ್ರಿ ಹಗಲಿನ ನಡುವೆ 30 ಡಿಗ್ರಿ ವ್ಯತ್ಯಾಸವಾದರೆ ಅದು 3 ಮಿಲಿಮೀಟರ್ ಬೆಳೆಯುತ್ತದೆ, ಮತ್ತೆ ಕುಗ್ಗುತ್ತದೆ. ಅದರ ಒಂದು ಅಂಚನ್ನು ಮಣ್ಣಿನ ಕೆಸರಲ್ಲಿ ಕಟ್ಟಿದ ಹಳೆಯ ಗೋಡೆಯ ಮೇಲೆ ಕೂರಿಸಿದರೆ ಆ ಗೋಡೆಯನ್ನು ದಿನಾ ದೂಡಿದಂತೆ. ಹಳೆಯ ಗೋಡೆಯ ಮೇಲೆ ಹೊಸ ಭಾರ ಹೇರಲೇಬಾರದು. ಹೊಸ ಕೋಣೆಯ ಕಂಬ, ತೊಲೆ ಅದರದ್ದೇ ಇರಲಿ. ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಒಂದು ಇಂಚು ಸಂದು ಬಿಟ್ಟು, ಅದನ್ನು ಹಿಗ್ಗಿ ಕುಗ್ಗುವ ವಸ್ತುವಿನಿಂದ ತುಂಬಿ, ಮೇಲೆ ಒಂದೇ ಬದಿಗೆ ಮೊಳೆ ಹೊಡೆದ ಮರದ ಪಟ್ಟಿಯನ್ನೋ ಲೋಹದ ಪಟ್ಟಿಯನ್ನೋ ಕೂರಿಸಬೇಕು. ಸಂದಿಯ ಮೇಲೆ ಗಾರೆ ಬಳಿದು ಮುಚ್ಚಿದರೆ ಆರು ತಿಂಗಳಲ್ಲಿ ಅಲ್ಲೇ ಬಿರುಕು.

ಬುನಾದಿಗೂ ಇದೇ ಮಾತು. ನೂರು ವರ್ಷದ ಮನೆ ಕುಸಿಯುವಷ್ಟು ಕುಸಿದು ನೆಲೆನಿಂತಿದೆ. ಹೊಸ ಬುನಾದಿ ಮೊದಲ ಕೆಲವು ವರ್ಷ ತಗ್ಗುತ್ತಲೇ ಇರುತ್ತದೆ. ಎರಡನ್ನೂ ಹಲ್ಲುಹಲ್ಲಾಗಿ ಹೆಣೆದರೆ ತಗ್ಗುವ ಬುನಾದಿ ನೆಲೆನಿಂತದ್ದನ್ನು ಎಳೆಯುತ್ತದೆ. ಹಳೆಯ ಬುನಾದಿಯ ಪಕ್ಕದಲ್ಲೇ ಅದಕ್ಕಿಂತ ಆಳವಾಗಿ ಜೆಸಿಬಿಯಲ್ಲಿ ಉದ್ದಕ್ಕೂ ಅಗೆಯುವುದು ಅಪಾಯಕ್ಕೆ ಆಹ್ವಾನ. ಅಗೆಯಲೇಬೇಕಿದ್ದರೆ ನಾಲ್ಕೈದು ಅಡಿಯ ತುಂಡುಗಳಾಗಿ, ಒಂದನ್ನು ಕಟ್ಟಿ ಮುಗಿಸಿ ಇನ್ನೊಂದನ್ನು ಅಗೆಯಬೇಕು, ಅದೂ ಬೇಸಿಗೆಯಲ್ಲಿ. ಎರೆಭೂಮಿಯ ಉತ್ತರ ಕರ್ನಾಟಕದಲ್ಲಿ ನೆಲವೇ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿ ಎಂಜಿನಿಯರ್ ಒಬ್ಬರನ್ನು ಕೇಳದೆ ಮುಂದುವರಿಯಬಾರದು.

ಹಳೆಯದನ್ನು ನಕಲು ಮಾಡಬೇಕೋ, ಹೊಸದನ್ನು ಹೊಸದಾಗಿಯೇ ತೋರಿಸಬೇಕೋ ಎಂಬ ಚರ್ಚೆ ಜಗತ್ತಿನಾದ್ಯಂತ ನಡೆದಿದೆ. ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪಿಸಿದ ವೆನಿಸ್ ಸನ್ನದು ಹೊಸ ಕೆಲಸದಲ್ಲಿ ಅದರ ಕಾಲದ ಗುರುತು ಇರಬೇಕು, ಸೇರಿಸಿದ್ದು ಒಟ್ಟಿನೊಂದಿಗೆ ಹೊಂದಿಕೊಂಡೂ ಬೇರೆಯೆಂದು ತಿಳಿಯುವಂತಿರಬೇಕು ಎನ್ನುತ್ತದೆ. ಬೆಂಗಳೂರಿನಲ್ಲಿ ಎರಡೂ ಬಗೆಯ ಉದಾಹರಣೆಗಳಿವೆ. 1956ರಲ್ಲಿ ಮುಗಿದ ವಿಧಾನಸೌಧದ ಪಕ್ಕ 2005ರಲ್ಲಿ ಉದ್ಘಾಟನೆಯಾದ ವಿಕಾಸಸೌಧ ಅದರ ಕಂಬ, ಗೋಪುರ, ಕಲ್ಲಿನ ಬಣ್ಣಗಳನ್ನೇ ಅನುಸರಿಸಿತು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಬೇರೆ ದಾರಿ ಹಿಡಿಯಿತು: ಹಳೆಯ ಬಂಗಲೆ ಬಂಗಲೆಯಾಗಿಯೇ ಉಳಿದು, ಹೊಸ ಪ್ರದರ್ಶನಾಂಗಣ ಸರಳ ಆಧುನಿಕ ರೂಪದಲ್ಲಿ ಮರೆಯಲ್ಲಿ ಬಂತು. ಮನೆ ಕಟ್ಟುವವರಿಗೆ ಎರಡನೆಯದು ಹೆಚ್ಚು ಕಲಿಸುತ್ತದೆ. ವಿಧಾನಸೌಧದಂಥ ಕೆತ್ತನೆಗೆ ಬೇಕಾದ ಕೈಗಳೂ ಹಣವೂ ಒಂದು ಸಂಸಾರದ ಬಳಿ ಇರುವುದಿಲ್ಲ. ಅರೆಬರೆ ನಕಲಿಗಿಂತ ಅಚ್ಚುಕಟ್ಟಾದ ಸರಳತೆ ಹಳೆಯದಕ್ಕೆ ಹೆಚ್ಚು ಮರ್ಯಾದೆ ಕೊಡುತ್ತದೆ.

ಇದು ಕಂಬದ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಜಗಲಿಯಲ್ಲಿ ಹಲಸಿನ ಅಥವಾ ಬೋಗಿ ಮರದ ಕಂಬ, ಅದರ ಮೇಲೆ ಕೆತ್ತಿದ ಬೋದಿಗೆ. ಹೊಸ ಜಗಲಿಗೆ ಅದೇ ಆಕಾರವನ್ನು ಸಿಮೆಂಟಿನಲ್ಲಿ ಎರಕ ಹೊಯ್ದು, ಕಂದು ಬಣ್ಣ ಬಳಿದು, ಮರದ ಗೆರೆ ಎಳೆಸುವವರಿದ್ದಾರೆ. ಅಸಲು ಕಂಬದ ಪಕ್ಕ ಅದು ನಿಲ್ಲಲಾರದು. ಮರ ಸಿಕ್ಕರೆ ಕೆತ್ತನೆಯಿಲ್ಲದ ಚೌಕ ಕಂಬ ಸಾಕು. ಸಿಗದಿದ್ದರೆ ತೆಳುವಾದ ಉಕ್ಕಿನ ಕಂಬ, ಕಡುಬೂದು ಬಣ್ಣದಲ್ಲಿ, ಕಲ್ಲಿನ ಪೀಠದ ಮೇಲೆ. ಅದು ತಾನು ಉಕ್ಕು ಎಂದೇ ಹೇಳುತ್ತದೆ, ಹಳೆಯ ಕಂಬದೊಂದಿಗೆ ಪೈಪೋಟಿಗಿಳಿಯುವುದಿಲ್ಲ.

ಕಿಟಕಿಯಲ್ಲಿ ಗಮನಿಸಬೇಕಾದದ್ದು ಅಳತೆ ಮತ್ತು ನೆರಳು. ಹಳೆಯ ಕಿಟಕಿಗಳು ಅಗಲಕ್ಕಿಂತ ಎತ್ತರ, ಮರದ ಚೌಕಟ್ಟಿನಲ್ಲಿ ನೆಟ್ಟಗೆ ನಿಂತ ಸರಳುಗಳು. ಒಂದೂವರೆ ಅಡಿ ದಪ್ಪದ ಗೋಡೆಯ ಆಳದಲ್ಲಿ ಕೂತಿರುವುದರಿಂದ ಸುತ್ತ ನೆರಳಿನ ಚೌಕಟ್ಟು. ಹೊಸ ಗೋಡೆ ಆರು ಇಂಚಿನದು, ಅದರ ಹೊರಮೈಗೆ ಸಮನಾಗಿ ಆರಡಿ ಅಗಲದ ಜಾರುಬಾಗಿಲಿನ ಕಿಟಕಿ ಕೂರಿಸಿದಾಗ ಗೋಡೆ ಬೋಳಾಗಿ ಕಾಣುತ್ತದೆ. ಹೆಚ್ಚು ಬೆಳಕು ಬೇಕಿದ್ದರೆ ಹಳೆಯ ಅಳತೆಯ ಮೂರು ಕಿಟಕಿಗಳನ್ನು ಒತ್ತೊತ್ತಾಗಿ ಸಾಲು ಮಾಡಬಹುದು. ಕಿಟಕಿಯನ್ನು ಗೋಡೆಯ ಒಳಮೈಗೆ ಸರಿಸಿ, ಹೊರಗೆ ಕಲ್ಲಿನ ಚಪ್ಪಡಿಯಿಂದ ಅಂಚು ಕಟ್ಟಿದರೆ ಆ ನೆರಳು ಮರಳಿ ಬರುತ್ತದೆ, ಎರಚಲೂ ಒಳಗೆ ಬರುವುದಿಲ್ಲ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ನಂತರ ತುಂಬಿಕೊಂಡ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಕಿಟಕಿಯ ಮೇಲೆ ಚೂಪು ತುದಿಯ ಮರದ ಮುಸುಕು ಇರುತ್ತದಲ್ಲ, ಅದೂ ಬಿಸಿಲು ಮಳೆ ತಡೆಯಲೆಂದೇ ಬಂದದ್ದು. ಹೊಸ ಕಿಟಕಿಗೆ ಅದರ ಜಾಲರಿ ಕೆಲಸವನ್ನು ಪ್ಲೈವುಡ್ಡಿನಲ್ಲಿ ಕತ್ತರಿಸಿ ಅಂಟಿಸಬೇಕಿಲ್ಲ. ಅಷ್ಟೇ ಚಾಚಿಕೊಂಡ ಸರಳ ಮರದ ಛಾವಣಿ ಕೊಟ್ಟರೆ ಕೆಲಸವೂ ಆಯಿತು, ಹೊಂದಿಕೆಯೂ ಆಯಿತು. ಅಂದಹಾಗೆ, ಈ ಮನೆಗಳ ಮದ್ರಾಸ್ ತಾರಸಿ ಎಂದರೆ ಮರದ ಜಂತೆಗಳ ಮೇಲೆ ಸುಣ್ಣದಲ್ಲಿ ಕೂರಿಸಿದ ಇಟ್ಟಿಗೆ. ಅದರ ಮೇಲೆ ಇನ್ನೊಂದು ಮಹಡಿ ಏರಿಸುವ ಆಸೆ ಬೇಡ. ಬೆಳೆಯುವುದಿದ್ದರೆ ಹಿತ್ತಲ ಕಡೆಗೇ.

ನೆಲದ ಬಗ್ಗೆ ಚಿಕ್ಕ ಮಾತು. ಹಳೆಯ ರೆಡ್ ಆಕ್ಸೈಡ್ ನೆಲದ ಬಣ್ಣ ದಶಕಗಳ ತಿಕ್ಕಾಟ, ಎಣ್ಣೆ, ಪಾದಗಳಿಂದ ಬಂದದ್ದು. ಹೊಸ ನೆಲದಲ್ಲಿ ಅದು ಸಿಗದು. ಎರಡರ ನಡುವೆ ಸಾದರಹಳ್ಳಿ ಕಲ್ಲಿನದೋ ಕಡಪ ಕಲ್ಲಿನದೋ ಒಂದು ಅಗಲ ಪಟ್ಟಿಯನ್ನು ಹೊಸ್ತಿಲಿನಂತೆ ಹಾಕಿದರೆ ಬಣ್ಣದ ವ್ಯತ್ಯಾಸ ಸಹಜವೆನಿಸುತ್ತದೆ. ನೆಲದ ಮಟ್ಟ ಮಾತ್ರ ಒಂದೇ ಇರಲಿ. ಯಾರಿಗಾಗಿ ಈ ಕೋಣೆಯೋ ಆ ಹಿರಿಯರು ಎಡವಬಾರದು.

ಇವೆಲ್ಲವನ್ನೂ ಓದಿ ತಿಳಿಯುವುದಕ್ಕಿಂತ ಕಣ್ಣಾರೆ ನೋಡುವುದು ಲೇಸು. ವಿಜಯನಾಥ ಶೆಣೈ ಅವರು ಬದುಕಿಡೀ ದುಡಿದು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ, ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಲಾಗಿದೆ. ಸೂರಿನ ಅಂಚು ಎಷ್ಟು ಚಾಚಿದೆ, ಮುಚ್ಚಿಗೆಯ ಹಲಗೆ ಹೇಗೆ ಜೋಡಿಸಿದ್ದಾರೆ, ದಾರಂದದ ಕೆಳಗೆ ಕಲ್ಲು ಹೇಗೆ ಕೂತಿದೆ ಎಂದು ಮೇಸ್ತ್ರಿಯನ್ನೂ ಬಡಗಿಯನ್ನೂ ಕರೆದೊಯ್ದು ತೋರಿಸಿದರೆ ಹತ್ತು ನಕ್ಷೆಗಳ ಕೆಲಸ ಆಗುತ್ತದೆ. ಮರಳಿ ಬಂದ ಮೇಲೆ ಹಿತ್ತಲಲ್ಲಿ ಮೂರಡಿ ಅಗಲದ ಒಂದು ಮಾದರಿ ಗೋಡೆ ಕಟ್ಟಿಸಿ. ಆರಿಸಿದ ಕಲ್ಲು, ಸಂದಿನ ಗಾರೆ, ಸುಣ್ಣದ ಬಣ್ಣ, ಸಾಧ್ಯವಾದರೆ ಒಂದು ಕಿಟಕಿಯ ಅಂಚು ಎಲ್ಲವೂ ಅದರಲ್ಲಿರಲಿ. ಒಂದು ಮಳೆಗಾಲ ಅದು ನೆನೆಯಲಿ. ತಪ್ಪಿದ್ದರೆ ಅಲ್ಲೇ ಕಾಣುತ್ತದೆ, ತಿದ್ದಲು ಖರ್ಚೂ ಕಡಿಮೆ.

ಕೆಲಸದ ಪಂಚಾಂಗ ಹೀಗಿರಲಿ: ಬುನಾದಿ ಬೇಸಿಗೆಯಲ್ಲಿ, ಸುಣ್ಣದ ಗಾರೆ ಮಳೆ ಬಿಟ್ಟ ಮೇಲೆ ಅಕ್ಟೋಬರಿನಿಂದ ಜನವರಿಯೊಳಗೆ, ಹೆಂಚು ಹೊದಿಸುವುದು ಮೇ ತಿಂಗಳ ಮೊದಲ ಮಳೆ ಹನಿಯುವ ಮುನ್ನ. ಕೆಲಸ ಶುರುವಾದ ದಿನವೇ ಗುಜರಿಯವರು ಬಾಗಿಲಿಗೆ ಬರುತ್ತಾರೆ. ಹೊಸ ಕೋಣೆಗೆ ದಾರಿ ಮಾಡಲು ತೆಗೆದ ಬಾಗಿಲು, ಸರಳಿನ ಕಿಟಕಿ, ತುಂಡು ಪಕಾಸು, ಹೆಂಚು, ಪಾವಟಿಗೆಯ ಕಲ್ಲು ಯಾವುದನ್ನೂ ಆಗ ಮಾರಬೇಡಿ. ಸೂರಿನಡಿ ಒಣ ಜಾಗದಲ್ಲಿ ಜೋಡಿಸಿಡಿ. ಹೊಸ ಗೋಡೆ ಎದ್ದು ಮಾಡು ಏರುವ ಹೊತ್ತಿಗೆ ಅದರಲ್ಲಿ ಅರ್ಧದಷ್ಟಾದರೂ ನಿಮ್ಮ ಮನೆಯಲ್ಲೇ ಕೂರಲು ಜಾಗ ಸಿಕ್ಕಿರುತ್ತದೆ.